ಸನ್ಯಾಸಿಯ ತಲೆ, ರೈತನ ಹಾಲು

(ಹಾಲು ಉತ್ಪಾದಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹರೂಪ. ಆಡುಮಾತನ್ನು ಹೆಚ್ಚು ತಿದ್ದದೆ ಇದ್ದ ಹಾಗೇ ಕೊಡಲಾಗಿದೆ.)



ಇವತ್ತು ನಾನು ಚೀಸ್ ವಿಚಾರ ಮಾತಾಡ್ತೀನಿ ಅಂದ ಕೂಡಲೇ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗಲಿ. ಚೀಸ್ ತಿನ್ನೋರು ಪೇಟೆಯವರು, ನಮಗೇನು ಅದರ ಸಹವಾಸ ಅಂತ ನಿಮಗೆ ಅನಿಸಿರಬಹುದು. ಹಳೇ ಪುಸ್ತಕಗಳಲ್ಲಿ ಚೀಸ್ ಅನ್ನೋದಕ್ಕೆ 'ಗಿಣ್ಣು' ಅಂತ ಬರೆದಿರುತ್ತಿದ್ದರು. ನಮಗೆ ಗಿಣ್ಣು ಅಂದರೆ ಕರು ಹಾಕಿದ ಹಸುವಿನ ಮೊದಲ ಹಾಲು ಕಾಯಿಸಿ, ಬೆಲ್ಲ ಏಲಕ್ಕಿ ಹಾಕಿ, ಅಕ್ಕಪಕ್ಕದ ಮನೆಗೆಲ್ಲ ಹಂಚಿ ಅವತ್ತೇ ತಿಂದು ಮುಗಿಸುವ ಪದಾರ್ಥ. ಚೀಸ್ ಹಾಗಲ್ಲ. ಅದು ಅವತ್ತೇ ಮುಗಿಯೋದಿಲ್ಲ. ನಾನು ಮಾತಾಡಬೇಕು ಅಂದುಕೊಂಡಿರೋದು ಇದೊಂದೇ ವಿಷಯ. ಅವತ್ತೇ ಮುಗಿಯುವ ಸರಕಿಗೂ, ತಿಂಗಳುಗಟ್ಟಲೆ ಕಾಯಬಲ್ಲ ಸರಕಿಗೂ ಬೆಲೆಯಲ್ಲಿ ಏನು ವ್ಯತ್ಯಾಸ, ಆ ವ್ಯತ್ಯಾಸ ಯಾರ ಕೈ ಸೇರುತ್ತೆ?

ಇದನ್ನ ಹೇಳೋದಕ್ಕೆ ನಾನು ಯೂರೋಪಿನ ಮಠಗಳಿಗೆ ಹೋಗಬೇಕಾಗಿದೆ. ನಾನು ಅಲ್ಲಿಗೆ ಹೋಗಿ ಬಂದವನಲ್ಲ. ಓದಿ ತಿಳಿದದ್ದನ್ನ ನಿಮ್ಮ ಮುಂದೆ ಇಡ್ತಾ ಇದ್ದೀನಿ. ಕ್ರೈಸ್ತ ಸನ್ಯಾಸಿಗಳು ಶತಮಾನಗಳಿಂದ ಚೀಸ್ ಮಾಡಿಕೊಂಡು ಬಂದಿದ್ದಾರೆ. ಅವರ ಕಥೆಯಲ್ಲಿ ಭಕ್ತಿಯೂ ಇದೆ. ಆದರೆ ನಾವು ಇವತ್ತು ನೋಡಬೇಕಾದದ್ದು ಅದರೊಳಗಿನ ಲೆಕ್ಕಾಚಾರ.

ಮೊದಲು ಹಾಲಿನ ಗುಣ. ಇದನ್ನ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ರಾಗಿಯನ್ನ ಹಗೇವಿನಲ್ಲಿ ಇಡಬಹುದು. ಅಡಿಕೆ ಮೂಟೆ ಕಟ್ಟಿ ಅಟ್ಟಕ್ಕೆ ಹಾಕಬಹುದು. ಬೆಲ್ಲದ ಬೆಲೆ ಬಿದ್ದರೆ ನಾಲ್ಕು ದಿನ ತಡೆದು ನೋಡಬಹುದು. ಹಾಲು? ಬೆಳಿಗ್ಗೆ ಕರೆದದ್ದು ಮಧ್ಯಾಹ್ನಕ್ಕೆ ಒಡೆಯುತ್ತೆ. ಕ್ಯಾನು ಹೊತ್ತು ಡೈರಿ ಮುಂದೆ ನಿಂತವನಿಗೆ 'ಈ ಬೆಲೆಗೆ ಕೊಡೋದಿಲ್ಲ, ವಾಪಸ್ ತಗೊಂಡು ಹೋಗ್ತೀನಿ' ಅನ್ನೋ ಧೈರ್ಯ ಎಲ್ಲಿಂದ ಬರಬೇಕು? ಮಾರುವವನಿಗೆ ಅವಸರ ಇದೆ, ಕೊಳ್ಳುವವನಿಗೆ ಇಲ್ಲ. ಈ ಅವಸರದಲ್ಲೇ ಬೆಲೆ ನಿರ್ಧಾರ ಆಗಿಹೋಗುತ್ತೆ.

ನಮ್ಮ ಹಿರಿಯರು ಇದಕ್ಕೆ ಕಂಡುಕೊಂಡ ದಾರಿ ತುಪ್ಪ. ಹೆಪ್ಪು ಹಾಕಿ, ಕಡೆದು, ಬೆಣ್ಣೆ ತೆಗೆದು, ಕಾಯಿಸಿಟ್ಟರೆ ಹಾಲಿನ ಸಾರ ತಿಂಗಳುಗಟ್ಟಲೆ ಉಳಿಯುತ್ತೆ. ಚಳಿ ಸೀಮೆಯವರು ಕಂಡುಕೊಂಡ ದಾರಿ ಚೀಸ್. ಹಾಲನ್ನ ತಾಮ್ರದ ದೊಡ್ಡ ಕೊಪ್ಪರಿಗೆಗೆ ಸುರಿದು ಉಗುರುಬೆಚ್ಚಗೆ ಮಾಡ್ತಾರೆ. ಹೆಪ್ಪು ಹಾಕ್ತಾರೆ. ಜೊತೆಗೆ, ನಮ್ಮಲ್ಲಿ ಕೆಲವರಿಗೆ ಕೇಳೋದಕ್ಕೆ ಕಷ್ಟವಾದರೂ ಹೇಳಿಬಿಡ್ತೀನಿ, ಎಳೆಗರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಅನ್ನೋ ಕಿಣ್ವವನ್ನೂ ಸೇರಿಸ್ತಾರೆ. ಸ್ವಲ್ಪ ಹೊತ್ತಿಗೆ ಹಾಲು ಗಡ್ಡೆ ಕಟ್ಟುತ್ತೆ. ಅದನ್ನ ತಂತಿಯಿಂದ ಕಾಳು ಕಾಳಾಗಿ ಕತ್ತರಿಸಿ, ಮತ್ತೆ ಬಿಸಿ ಮಾಡಿ, ನೀರು ಬಸಿದು, ಅಚ್ಚಿಗೆ ತುಂಬಿ ಒತ್ತುತ್ತಾರೆ. ಆಮೇಲೆ ಉಪ್ಪುನೀರಿನಲ್ಲಿ ಅದ್ದಿ, ತಂಪಾದ ನೆಲಮಾಳಿಗೆಯಲ್ಲಿ ಮರದ ಹಲಗೆ ಮೇಲೆ ಜೋಡಿಸ್ತಾರೆ. ಅಲ್ಲಿಂದ ಕಾಯುವ ಕೆಲಸ. ಆಗಾಗ ಉಪ್ಪುನೀರಿನಲ್ಲಿ ಒರೆಸಬೇಕು, ತಿರುವಿ ಇಡಬೇಕು. ಗಟ್ಟಿ ಚೀಸ್ 1 ಕಿಲೋ ಆಗೋದಕ್ಕೆ ಹೆಚ್ಚುಕಡಿಮೆ 10 ಲೀಟರ್ ಹಾಲು ಬೇಕು.

ಕೆಲಸ ಇಷ್ಟೇ. ಇದರಲ್ಲಿ ದೈವರಹಸ್ಯ ಯಾವುದೂ ಇಲ್ಲ. ಹಾಗಾದರೆ ಈ ಕೆಲಸಕ್ಕೆ ಸನ್ಯಾಸಿಗಳ ಹೆಸರೇ ಯಾಕೆ ಅಂಟಿಕೊಂಡಿತು? ಬೇರೆಯವರು ಮಾಡಲಿಲ್ಲ ಅಂತಲ್ಲ, ಹಳ್ಳಿಯ ಹೆಂಗಸರು ಮಾಡ್ತಾನೇ ಇದ್ದರು. ಆದರೆ ಮಠಕ್ಕೆ ಕೆಲವು ಅನುಕೂಲಗಳಿದ್ದವು. ಒಂದೊಂದಾಗಿ ನೋಡೋಣ.

6ನೇ ಶತಮಾನದಲ್ಲಿ ಇಟಲಿಯ ಸಂತ ಬೆನಿಡಿಕ್ಟ್ ತನ್ನ ಸನ್ಯಾಸಿಗಳಿಗೆ ನಿಯಮ ಬರೆದುಕೊಟ್ಟ. ಪ್ರಾರ್ಥನೆ ಎಷ್ಟು ಮುಖ್ಯವೋ ಮೈಮುರಿದು ದುಡಿಯೋದೂ ಅಷ್ಟೇ ಮುಖ್ಯ ಅಂತ ಅದರಲ್ಲಿ ಇದೆ. ಕಾಯಿಲೆಯವರನ್ನ ಬಿಟ್ಟು ಉಳಿದವರು ನಾಲ್ಕು ಕಾಲಿನ ಪ್ರಾಣಿಗಳ ಮಾಂಸ ತಿನ್ನಬಾರದು ಅಂತಲೂ ಇದೆ. ದುಡಿಯುವ ಮೈಗೆ ಮಾಂಸ ಇಲ್ಲ ಅಂದಮೇಲೆ ಹಾಲು, ಚೀಸ್ ಬೇಕೇ ಬೇಕಲ್ಲ. ಇದು ಒಂದು.

ಎರಡನೆಯದು ಜಮೀನು. ರಾಜರು, ಪಾಳೆಯಗಾರರು ಪುಣ್ಯ ಬರಲಿ ಅಂತ ಮಠಗಳಿಗೆ ಭೂಮಿ ಬಿಟ್ಟುಕೊಟ್ಟರು. ಸನ್ಯಾಸಿಗೆ ಹೆಂಡತಿ ಮಕ್ಕಳಿಲ್ಲ, ಆದ್ದರಿಂದ ಆ ಭೂಮಿ ಪಾಲಾಗಲಿಲ್ಲ. ನಮ್ಮಲ್ಲಿ ಅಜ್ಜನ ಎಂಟೆಕರೆ ಅಪ್ಪನ ಕಾಲಕ್ಕೆ ಎರಡಾಗಿ, ಮಗನ ಕಾಲಕ್ಕೆ ಮೂವತ್ತು ಗುಂಟೆ ಆಗುತ್ತೆ. ಮಠದ ಜಮೀನು ಇನ್ನೂರು ವರ್ಷ ಆದರೂ ಹಾಗೇ ಇರುತ್ತೆ, ಬೇಕಾದರೆ ಇನ್ನಷ್ಟು ಬೆಳೆಯುತ್ತೆ.

ಮೂರನೆಯದು ದುಡಿಮೆ. ಇದನ್ನ ಮುಚ್ಚಿಡಬಾರದು. 12ನೇ ಶತಮಾನದ ಸಿಸ್ಟೇರಿಯನ್ ಪಂಥದ ಮಠಗಳಲ್ಲಿ ಓದುಬರಹ ಬಲ್ಲ ಸನ್ಯಾಸಿಗಳು ಒಂದು ಕಡೆ, ಹೊಲ ಕೊಟ್ಟಿಗೆಯ ಕೆಲಸಕ್ಕೆ ಬಂದ 'ಸೋದರರು' ಇನ್ನೊಂದು ಕಡೆ. ಈ ಸೋದರರೂ ವ್ರತ ತೊಟ್ಟವರೇ. ಆದರೆ ಮಠಾಧಿಪತಿಯನ್ನ ಆರಿಸುವಾಗ ಇವರಿಗೆ ಓಟು ಇಲ್ಲ. ದೇವರ ಮನೆಯಲ್ಲೂ ಎರಡು ಪಂಕ್ತಿ. ಸಗಣಿ ಬಾಚಿದವನು ಕೆಳಗಿನ ಪಂಕ್ತಿ.

ನಾಲ್ಕನೆಯದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು. ಮಠಕ್ಕೆ ಕಾಯುವ ಶಕ್ತಿ ಇತ್ತು. ಉಗ್ರಾಣದಲ್ಲಿ ಧಾನ್ಯ ಇತ್ತು, ಬೆಟ್ಟದಲ್ಲಿ ಸೌದೆ ಇತ್ತು, ನೆಲಮಾಳಿಗೆ ಇತ್ತು. ಇವತ್ತು ಮಾಡಿದ ಚೀಸ್ ನಾಳೆಯೇ ಮಾರಿ ಅಂಗಡಿ ಸಾಲ ತೀರಿಸಬೇಕು ಅನ್ನೋ ಗತಿ ಇರಲಿಲ್ಲ. ತಾಳಿದವನು ಬಾಳಿಯಾನು ಅಂತಾರೆ ನಮ್ಮ ಕಡೆ. ನಿಜ. ಆದರೆ ತಾಳೋದಕ್ಕೂ ಬಂಡವಾಳ ಬೇಕು, ಸ್ವಾಮಿ.

ಈಗ ಒಂದು ನಿರ್ದಿಷ್ಟ ಊರಿಗೆ ಹೋಗೋಣ. ಸ್ವಿಟ್ಜರ್ಲೆಂಡಿನ ವಾಯವ್ಯಕ್ಕೆ ಜೂರಾ ಅನ್ನೋ ಬೆಟ್ಟಸಾಲು ಇದೆ. ಅಲ್ಲಿ ಬೆಲ್ಲೆಲೇ ಅಂತ ಒಂದು ಜಾಗ. 1136ರ ಸುಮಾರಿಗೆ ಪ್ರೆಮೊಂತ್ರೆ ಪಂಥದವರು ಅಲ್ಲಿ ಮಠ ಕಟ್ಟಿದರು. ಎತ್ತರದ ಜಾಗ, ಚಳಿ ಜಾಸ್ತಿ. ಬೇಸಾಯಕ್ಕಿಂತ ಹುಲ್ಲುಗಾವಲಿಗೆ ಹೇಳಿ ಮಾಡಿಸಿದ ನೆಲ. ಹುಲ್ಲಿದ್ದ ಮೇಲೆ ದನ, ದನ ಇದ್ದ ಮೇಲೆ ಹಾಲು.

1192ರ ದಾಖಲೆಗಳಲ್ಲಿ ಈ ಮಠದ ಚೀಸ್ ಪ್ರಸ್ತಾಪ ಮೊದಲ ಸಲ ಬರುತ್ತೆ. ಯಾವ ಸಂದರ್ಭದಲ್ಲಿ ಗೊತ್ತೇ? ಹಬ್ಬದ ಊಟದ ಸಂದರ್ಭದಲ್ಲಿ ಅಲ್ಲ, ರುಚಿ ಹೊಗಳೋದಕ್ಕೂ ಅಲ್ಲ. ಗೇಣಿ ಲೆಕ್ಕದಲ್ಲಿ! ಬೆಲ್ಲೆಲೇ ಸನ್ಯಾಸಿಗಳು ತಾವು ಹಿಡಿದಿದ್ದ ಕೆಲವು ಜಮೀನುಗಳಿಗೆ ವರ್ಷದ ಗೇಣಿಯನ್ನ ಚೀಸ್ ರೂಪದಲ್ಲಿ ಕೊಡುತ್ತಿದ್ದರು. ಸ್ವಿಟ್ಜರ್ಲೆಂಡ್ ಒಕ್ಕೂಟ ಹುಟ್ಟಿದ್ದು 1291ರಲ್ಲಿ ಅಂತ ಲೆಕ್ಕ. ಅದಕ್ಕಿಂತ ನೂರು ವರ್ಷ ಹಿಂದೆಯೇ ಆ ಚೀಸ್ ಗೇಣಿ ಪುಸ್ತಕ ಸೇರಿತ್ತು. ಮುಂದೆಯೂ ಅದು ಹಣದ ಹಾಗೇ ಓಡಾಡಿತು. ವ್ಯಾಜ್ಯ ಬಗೆಹರಿಸೋದಕ್ಕೆ ಚೀಸ್, ಬಾಸೆಲಿನ ಧರ್ಮಾಧ್ಯಕ್ಷ ದೊರೆಗೆ ಕಾಣಿಕೆಯಾಗಿ ಚೀಸ್.

ಯೋಚನೆ ಮಾಡಿ. ಹಾಲನ್ನ ಗೇಣಿಯಾಗಿ ಕೊಡೋದಕ್ಕೆ ಆಗುತ್ತಿತ್ತೇ? ವರ್ಷಕ್ಕೊಂದು ಸಲ ಗೇಣಿ ಕಟ್ಟುವವರೆಗೆ ಹಾಲು ಇರುತ್ತಿತ್ತೇ? ಕಾಯುವ ಗುಣ ಬಂದದ್ದರಿಂದಲೇ ಅದು ಕಾಸಿನ ಜಾಗದಲ್ಲಿ ನಿಂತಿತು.

ಮಠಗಳನ್ನ ಹೊಗಳೋದಕ್ಕೆ ನಾನು ಇಲ್ಲಿ ನಿಂತಿಲ್ಲ. ಆ ಕಾಲದ ಯೂರೋಪಿನಲ್ಲಿ ಮಠಗಳು ದೊಡ್ಡ ಜಮೀನುದಾರರು. ರೈತ ಬೆಳೆದದ್ದರಲ್ಲಿ ಹತ್ತನೇ ಒಂದು ಪಾಲು ಚರ್ಚಿಗೆ ಸಲ್ಲಬೇಕಿತ್ತು. ತಾವು ಗೇಣಿ ಕೊಟ್ಟ ಮಠದವರೇ ತಮ್ಮ ಒಕ್ಕಲುಗಳಿಂದ ಗೇಣಿ ಎತ್ತುತ್ತಿದ್ದರು. ಸಾವಿರಾರು ರೈತರಿಗೆ ಮಠ ಅಂದರೆ ದೇವರ ಮನೆಯೂ ಹೌದು, ವಸೂಲಿ ಕಚೇರಿಯೂ ಹೌದು.

ಆಮೇಲೆ ಫ್ರಾನ್ಸಿನಲ್ಲಿ ಕ್ರಾಂತಿ ಆಯಿತು. 1797ರಲ್ಲಿ ಕ್ರಾಂತಿಯ ಸೈನ್ಯ ಬೆಲ್ಲೆಲೇಗೂ ಬಂತು. ಸನ್ಯಾಸಿಗಳನ್ನ ಓಡಿಸಿತು. ಆರೂವರೆ ಶತಮಾನ ನಡೆದ ಮಠ ಮುಚ್ಚಿತು. ಸನ್ಯಾಸಿಗಳು ಮತ್ತೆ ಅಲ್ಲಿಗೆ ಬರಲಿಲ್ಲ. ಅದೇ ಕಟ್ಟಡದಲ್ಲಿ ಆಮೇಲೆ ಗಡಿಯಾರದ ಕಾರ್ಖಾನೆ ನಡೆಯಿತು, ಬಿಯರ್ ಕಾರ್ಖಾನೆ ನಡೆಯಿತು, ಗಾಜಿನ ಕಾರ್ಖಾನೆ ನಡೆಯಿತು. ಕಡೆಗೆ ಮನೋರೋಗಿಗಳ ಆಸ್ಪತ್ರೆ ಆಯಿತು.

ಮಠ ಹೋಯಿತು, ಚೀಸ್ ಹೋಯಿತೇ? ಇಲ್ಲ! ಮಠದ ಹಳೇ ಜಮೀನುಗಳಲ್ಲಿ ಇದ್ದ ರೈತರು ಅದನ್ನ ಬಿಡಲಿಲ್ಲ. ಅಷ್ಟು ಕಾಲ ಹಾಲು ಕರೆದು, ಕೊಪ್ಪರಿಗೆ ಕಾಯಿಸಿದ ಕೈಗಳಿಗೆ ಕಸುಬು ಬರುತ್ತಿತ್ತು. 1856ರಲ್ಲಿ ಬೆಲ್ಲೆಲೇಯ ರೈತನೊಬ್ಬ ಪ್ಯಾರಿಸಿನ ಕೃಷಿ ಸ್ಪರ್ಧೆಗೆ ಈ ಚೀಸ್ ತಗೊಂಡು ಹೋಗಿ ಬಹುಮಾನ ಗೆದ್ದ.

ಇದರ ಹೆಸರು ಮಾತ್ರ ಸನ್ಯಾಸಿಗಳದ್ದೇ ಉಳಿಯಿತು. ಫ್ರೆಂಚಿನಲ್ಲಿ 'ತೇತ್ ದ ಮ್ವಾನ್'. ಅಂದರೆ ಸನ್ಯಾಸಿಯ ತಲೆ. ಈ ಹೆಸರಿಗೆ ಎರಡು ಕಥೆ ಹೇಳ್ತಾರೆ. ಚೀಸಿನ ಮೇಲ್ಭಾಗ ಕೆರೆದಾಗ ಅದು ನಡುನೆತ್ತಿ ಬೋಳಿಸಿದ ಸನ್ಯಾಸಿಯ ತಲೆ ಹಾಗೆ ಕಾಣುತ್ತೆ ಅಂತ ಕ್ರಾಂತಿಯ ಸೈನಿಕರು ಗೇಲಿ ಮಾಡಿದರಂತೆ. ಇನ್ನೊಂದು ಕಥೆ, ಮಠದಲ್ಲಿ ತಲೆಗೆ ಇಷ್ಟು ಅಂತ ಚೀಸ್ ಎತ್ತಿಡುತ್ತಿದ್ದರಂತೆ, ಅದರಿಂದ ಆ ಹೆಸರು ಅಂತ. ಯಾವುದೇ ಇರಲಿ, ಓಡಿಸಿದವರು ಗೇಲಿಗೆ ಅಂದಿರಬಹುದಾದ ಮಾತೇ ಇವತ್ತು ಕಾನೂನಿನ ಕಾವಲಿರುವ ಹೆಸರಾಗಿದೆ.

ಅದು ಹೇಗಾಯಿತು ಅನ್ನೋದು ನಮಗೆ ಮುಖ್ಯ. ಈ ಚೀಸನ್ನ ತುಂಡು ಮಾಡಿ ತಿನ್ನೋದಿಲ್ಲ, ತೆಳುವಾಗಿ ಕೆರೆದು ತಿನ್ನಬೇಕು. ಗಾಳಿ ತಾಕಿದಷ್ಟೂ ಪರಿಮಳ ಬಿಡುತ್ತೆ. ಚಾಕು ಹಿಡಿದು ಕೆರೆಯೋದು ತ್ರಾಸದ ಕೆಲಸ. 1982ರಲ್ಲಿ ಅದೇ ಸೀಮೆಯ ನಿಕೊಲಾ ಕ್ರೆವ್ವಾಸಿಯೆ ಅನ್ನೋ ಯಂತ್ರ ಕುಶಲಕರ್ಮಿ ಒಂದು ಸಣ್ಣ ಸಾಧನ ಮಾಡಿದರು. ಮರದ ಮಣೆ, ನಡುವೆ ಒಂದು ಕಡ್ಡಿ, ಕಡ್ಡಿಗೆ ತಿರುಗುವ ಅಲಗು. ಚೀಸನ್ನ ಕಡ್ಡಿಗೆ ಚುಚ್ಚಿ ಅಲಗು ತಿರುಗಿಸಿದರೆ ಸೇವಂತಿಗೆ ಹೂವಿನ ಹಾಗೆ ಪದರ ಪದರವಾಗಿ ಬರುತ್ತೆ. ಅದಕ್ಕೆ 'ಜಿರೋಲ್' ಅಂತ ಹೆಸರು. ಆಮೇಲೆ ಈ ಚೀಸಿನ ಮಾರಾಟ ಎಲ್ಲಿಂದ ಎಲ್ಲಿಗೋ ಹೋಯಿತು. ಈಗ ವರ್ಷಕ್ಕೆ 2,000 ಟನ್ನಿಗೂ ಮಿಕ್ಕಿ ತಯಾರಾಗುತ್ತೆ, ಬಹುಪಾಲು ಹೊರದೇಶಗಳಿಗೆ ಹೋಗುತ್ತೆ.

ಬೇಡಿಕೆ ಬಂದಾಗ ಕಳ್ಳರೂ ಬರ್ತಾರೆ. ಎಲ್ಲೋ ಒಂದು ಕಡೆ ಅಗ್ಗದ ಹಾಲು ತಂದು, ಯಂತ್ರದಲ್ಲಿ ಒತ್ತಿ, ಅದೇ ಹೆಸರು ಹಚ್ಚಿದರೆ ಜೂರಾದ ರೈತನ ಗತಿ? ಅದಕ್ಕೇ ಅಲ್ಲಿಯವರು ಹೆಸರಿಗೆ ಬೇಲಿ ಹಾಕಿಕೊಂಡರು. 2001ರಲ್ಲಿ ಈ ಹೆಸರಿಗೆ ಮೂಲಸ್ಥಳದ ಸರ್ಕಾರಿ ರಕ್ಷಣೆ ಸಿಕ್ಕಿತು. ಅದರ ಷರತ್ತು ನೋಡಿ. ಹಾಲು ಅದೇ ಗೊತ್ತಾದ ಸೀಮೆಯದಾಗಿರಬೇಕು. ಚೀಸ್ ಮಾಡೋದು, ಮಾಗಿಸೋದೂ ಅಲ್ಲೇ ಆಗಬೇಕು. ಹಾಲು ಹಸಿಯದೇ ಆಗಬೇಕು, ಕುದಿಸಿ ಕೊಂದ ಹಾಲು ಆಗೋದಿಲ್ಲ. ಹಸುವಿಗೆ ಹುಲ್ಲು, ಒಣಮೇವು ಹಾಕಬೇಕು, ಗುಂಡಿಯಲ್ಲಿ ಹುಳಿಬರಿಸಿದ ಸೈಲೇಜ್ ಹಾಕಬಾರದು. ಮಾಡಿದ್ದನ್ನ ಸ್ಪ್ರೂಸ್ ಮರದ ಹಲಗೆ ಮೇಲೆ ಕಡಿಮೆ ಅಂದರೂ 75 ದಿನ ಇಟ್ಟು ಮಾಗಿಸಬೇಕು. ಈ ಹೆಸರಿನ ಉಸ್ತುವಾರಿ ನೋಡುವ ಸಂಘದಲ್ಲಿ ಹಾಲು ಹಾಕುವ ರೈತರು, ಚೀಸ್ ಮಾಡುವವರು, ಮಾಗಿಸುವವರು ಮೂವರೂ ಇದ್ದಾರೆ. ಹಾಲು ಹಾಕುವವನು ಬಾಗಿಲ ಹೊರಗೆ ನಿಂತಿಲ್ಲ. ಒಳಗೆ ಕೂತಿದ್ದಾನೆ.

ಈಗ ನಾನು ಹೇಳಿದ ಆ 75 ದಿನದ ಲೆಕ್ಕ ಹಾಕೋಣ. ಸಣ್ಣ ರೈತ ಒಬ್ಬ, ದಿನಕ್ಕೆ 10 ಲೀಟರ್ ಹಾಲು ಅಂತ ಇಟ್ಟುಕೊಳ್ಳಿ. ದಿನಕ್ಕೆ 1 ಕಿಲೋ ಚೀಸ್. ಮೊದಲನೇ ದಿನ ಮಾಡಿದ್ದು ಮಾರಾಟಕ್ಕೆ ಬರೋದು 75 ದಿನ ಆದ ಮೇಲೆ. ಅಷ್ಟು ಹೊತ್ತಿಗೆ ಅವನ ನೆಲಮಾಳಿಗೆಯಲ್ಲಿ 750 ಲೀಟರ್ ಹಾಲಿನ ದುಡ್ಡು ಹೂತಿರುತ್ತೆ, ಕೈಗೆ ಒಂದು ಬಿಡಿಗಾಸು ಬಂದಿರೋದಿಲ್ಲ. ಹಿಂಡಿ, ಬೂಸಾ ಯಾರು ಕೊಡ್ತಾರೆ? ಮಕ್ಕಳ ಫೀಜು? ಹಸುವಿಗೆ ಕೆಚ್ಚಲು ಬಾವು ಬಂದರೆ ಡಾಕ್ಟರಿಗೆ? ಎರಡೂವರೆ ತಿಂಗಳು ಸಾಲ. ಬಡ್ಡಿಗೆ ಸಾಲ ತಂದು ಕಾದರೆ, ಕಾದದ್ದರ ಲಾಭ ಸಾಲ ಕೊಟ್ಟವನ ಮನೆ ಸೇರುತ್ತೆ. ಒಳ್ಳೇ ಬೆಲೆ ಸಿಗುವ ಸರಕು ಯಾವುದು ಅಂತ ಗೊತ್ತಿದ್ದೂ ಸಣ್ಣ ರೈತ ಅದನ್ನ ಮಾಡೋದಿಲ್ಲ. ಅವನು ದಡ್ಡ ಅಂತಲ್ಲ. ಅವನಿಗೆ ಕಾಯೋದಕ್ಕೆ ಆಗೋದಿಲ್ಲ.

ಮಠ ಇಲ್ಲದ ರೈತ ಮಠದ ಹಾಗೆ ಕಾಯೋದು ಹೇಗೆ? ಇದಕ್ಕೂ ಜೂರಾ ಬೆಟ್ಟದಲ್ಲೇ ಉತ್ತರ ಇದೆ. ಬೆಟ್ಟದ ಫ್ರಾನ್ಸ್ ಕಡೆಯ ಇಳಿಜಾರಿನಲ್ಲಿ 'ಕೋಂತೆ' ಅನ್ನೋ ಚೀಸ್ ಮಾಡ್ತಾರೆ. ಅದರ ಒಂದು ಗಾಲಿ ಸುಮಾರು 40 ಕಿಲೋ ತೂಗುತ್ತೆ, ಅದಕ್ಕೆ ಹೆಚ್ಚುಕಡಿಮೆ 400 ಲೀಟರ್ ಹಾಲು ಬೇಕು. ನಾಲ್ಕು ಹಸು ಕಟ್ಟಿದವನಿಗೆ ಅಷ್ಟು ಹಾಲು ಎಲ್ಲಿಂದ ಬರಬೇಕು? ಅದಕ್ಕೇ ಅಲ್ಲಿಯ ರೈತರು 13ನೇ ಶತಮಾನದಿಂದಲೇ ಹಾಲು ಒಟ್ಟುಗೂಡಿಸಿ ಒಂದೇ ಕೊಪ್ಪರಿಗೆಗೆ ಹಾಕೋದನ್ನ ಕಲಿತರು. ಈ ಕೂಡುಡೈರಿಗೆ 'ಫ್ರುಯಿತಿಯೇರ್' ಅಂತ ಹೆಸರು, ಇವತ್ತಿಗೂ ನಡೀತಾ ಇವೆ. ಆ ಚೀಸ್ 120 ದಿನ ಆದರೂ ಮಾಗಲೇಬೇಕು. ಸನ್ಯಾಸಿ ಬ್ರಹ್ಮಚರ್ಯದಿಂದ, ದಾನ ಬಂದ ಭೂಮಿಯಿಂದ ಪಡೆದ ಶಕ್ತಿಯನ್ನ ಸಂಸಾರಸ್ಥ ರೈತ ನೆರೆಯವನ ಜೊತೆ ಹಾಲು ಬೆರೆಸಿ ಪಡೆದ.

ಇದರ ಜೊತೆಗೆ ಇನ್ನೊಂದು ಮಾತು. ಹೆಸರು, ಸಂಘ ಇಷ್ಟರಿಂದಲೇ ಸ್ವಿಟ್ಜರ್ಲೆಂಡಿನ ರೈತ ಬದುಕಿದ್ದಾನೆ ಅಂತ ಯಾರಾದರೂ ಉಪದೇಶ ಮಾಡಿದರೆ ನಂಬಬೇಡಿ. ಚೀಸಿಗೆ ಹೋಗುವ ಹಾಲಿಗೆ ಅಲ್ಲಿಯ ಸರ್ಕಾರ ಪ್ರತ್ಯೇಕ ಸಹಾಯಧನ ಕೊಡುತ್ತೆ. ಸೈಲೇಜ್ ಹಾಕದ ಹಸುವಿನ ಹಾಲಿಗೆ ಅದರ ಮೇಲೆ ಇನ್ನಷ್ಟು ಕೊಡುತ್ತೆ. ಅಷ್ಟು ಶ್ರೀಮಂತ ದೇಶವೂ ಹಾಲಿನ ರೈತನನ್ನ ಬರೀ ಮಾರ್ಕೆಟ್ಟಿನ ಕೈಗೆ ಬಿಟ್ಟಿಲ್ಲ. ರೈತ ದಕ್ಷತೆಯಿಂದ ದುಡಿದರೆ ಸಾಕು ಅಂತ ನಮಗೆ ಪಾಠ ಹೇಳುವವರು ಇದನ್ನ ಮಾತ್ರ ಹೇಳೋದಿಲ್ಲ.

ಈಗ ಕಥೆಯ ಇನ್ನೊಂದು ಮುಖ. ಹೆಸರನ್ನ ಉಳಿಸಿಕೊಂಡವರದ್ದು ಹೇಳಿದೆ. ಮಾರಿದವರದ್ದೂ ಕೇಳಿ.

ಟ್ರಾಪಿಸ್ಟ್ ಅಂತ ಸನ್ಯಾಸಿಗಳ ಒಂದು ಪಂಥ ಇದೆ. ಬಹಳ ಕಟ್ಟುನಿಟ್ಟು, ಮಾತು ಕಡಿಮೆ, ಕೆಲಸ ಜಾಸ್ತಿ. ಕ್ರಾಂತಿಯ ಕಾಲದಲ್ಲಿ ದೇಶ ಬಿಟ್ಟು ಹೋಗಿದ್ದ ಇವರಲ್ಲಿ ಕೆಲವರು 1815ರಲ್ಲಿ ಫ್ರಾನ್ಸಿಗೆ ವಾಪಸ್ ಬಂದರು. ಪಶ್ಚಿಮದ ಮಾಯೆನ್ ಸೀಮೆಯ ಆಂತ್ರಾಮ್ ಅನ್ನೋ ಊರಲ್ಲಿ ನೆಲೆ ನಿಂತರು. ಮಠಕ್ಕೆ 'ಪೋರ್ ದ್ಯು ಸಲ್ಯು' ಅಂತ ಹೆಸರಿಟ್ಟರು. ಮುಕ್ತಿಯ ಬಂದರು ಅಂತ ಅರ್ಥ. ಅಲೆದು ಬಂದವರಿಗೆ ದಡ ಸಿಕ್ಕ ಸಂತೋಷ ಆ ಹೆಸರಲ್ಲೇ ಇದೆ. ಹೊಟ್ಟೆಪಾಡಿಗೆ ಹಸು ಕಟ್ಟಿದರು, ಮೆತ್ತನೆಯ ಒಂದು ಚೀಸ್ ಮಾಡಿದರು. 1873ರಲ್ಲಿ ಮಠಾಧಿಪತಿ ಪ್ಯಾರಿಸಿನ ಒಬ್ಬ ಚೀಸ್ ವ್ಯಾಪಾರಿ ಜೊತೆ ಕರಾರು ಮಾಡಿಕೊಂಡರು. ಚೀಸ್ ಪೇಟೆಯಲ್ಲಿ ಬಿಸಿ ದೋಸೆ ಥರ ಖರ್ಚಾಯಿತು. ಅನುಕರಣೆ ಶುರುವಾಯಿತು. ಇದೇ ಥರದ ಚೀಸ್ ಬೇರೆ ಡೈರಿಗಳಲ್ಲಿ 'ಸೇಂ ಪೋಲಾಂ' ಅನ್ನೋ ಹೆಸರಲ್ಲಿ ಹೊರಬಂತು. ಮಠದವರು ತಮ್ಮ ಹೆಸರಿಗೆ ಕಾನೂನಿನ ರಕ್ಷಣೆ ಪಡೆದರು.

ಕಡೆಗೆ 1959ರಲ್ಲಿ ಮಠ ಆ ಹೆಸರಿನ ಹಕ್ಕನ್ನೇ ಒಂದು ದೊಡ್ಡ ಡೈರಿ ಕಂಪನಿಗೆ ಮಾರಿತು. ಇವತ್ತು ಆ ಹೆಸರಿನ ಚೀಸ್ ಕಾರ್ಖಾನೆಯಲ್ಲಿ ತಯಾರಾಗುತ್ತೆ. ಡಬ್ಬದ ಮೇಲಿನ ಹೆಸರು ಮುಕ್ತಿಯ ಬಂದರಿನದ್ದೇ. ಒಳಗಿನ ಹಾಲಿಗೂ ಆಂತ್ರಾಮಿನ ಸನ್ಯಾಸಿಗಳ ಕೊಟ್ಟಿಗೆಗೂ ಸಂಬಂಧ ಇಲ್ಲ. ಮಾರಿದ್ದು ತಪ್ಪು ಅಂತ ಹೇಳೋದಕ್ಕೆ ನಾನು ಯಾರು? ಅವರ ಮನೆ, ಅವರ ಕಷ್ಟ. ಆದರೆ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಹಾಲು ಇವತ್ತು ಮಾರಿದರೆ ನಾಳೆ ಹಸು ಮತ್ತೆ ಕೊಡುತ್ತೆ. ಹೆಸರು ಒಂದು ಸಲ ಮಾರಿದರೆ ಮತ್ತೆ ಕರೆಯೋದಕ್ಕೆ ಕೆಚ್ಚಲೇ ಇರೋದಿಲ್ಲ.

ಇದನ್ನ ನೋಡಿಯೇ ಇರಬೇಕು, ಬೇರೆ ಟ್ರಾಪಿಸ್ಟ್ ಮಠಗಳು ಎಚ್ಚೆತ್ತವು ಅಂತ ನನಗೆ ಅನಿಸುತ್ತೆ. 1997ರಲ್ಲಿ ಬೆಲ್ಜಿಯಂ, ಹಾಲೆಂಡ್, ಜರ್ಮನಿಯ 8 ಮಠಗಳು ಸೇರಿ ಒಂದು ಸಂಘ ಮಾಡಿಕೊಂಡವು. ಅದರ ಮುದ್ರೆ ಬೇಕಾದರೆ ಸರಕು ಮಠದ ಆವರಣದಲ್ಲೋ ಅದಕ್ಕೆ ತಾಕಿದ ಜಾಗದಲ್ಲೋ ತಯಾರಾಗಬೇಕು, ಸನ್ಯಾಸಿಗಳ ಮೇಲ್ವಿಚಾರಣೆ ಇರಬೇಕು, ಬಂದ ಲಾಭ ಮಠದ ಅಗತ್ಯಕ್ಕೆ ಮತ್ತು ದಾನಧರ್ಮಕ್ಕೆ ಹೋಗಬೇಕು. ಚೀಸಿಗೂ ಬಿಯರಿಗೂ ಇದೇ ಷರತ್ತು. ಮಾತೇ ಆಡದ ಸನ್ಯಾಸಿಗಳೂ ಸಂಘ ಕಟ್ಟಬೇಕಾಯಿತು, ಬಂಧುಗಳೇ! ದಿನವೆಲ್ಲ ಮಾತಾಡುವ ನಮಗೆ ಸಂಘ ಕಟ್ಟೋದಕ್ಕೆ ಏನು ಕಷ್ಟ?

ಸನ್ಯಾಸಿ ಅಂದ ಮಾತ್ರಕ್ಕೆ ಮಾರ್ಕೆಟ್ಟು ಬಿಡುತ್ತೆ ಅಂದುಕೊಳ್ಳಬೇಡಿ. ಫ್ರಾನ್ಸಿನ ಸಿತೋ ಮಠ 1098ರಲ್ಲಿ ಸ್ಥಾಪನೆಯಾದದ್ದು. ಸಿಸ್ಟೇರಿಯನ್ ಪಂಥಕ್ಕೆ ಅದೇ ತಾಯಿಮನೆ. ಅಲ್ಲಿಯ ಸನ್ಯಾಸಿಗಳು ಮೋಂಬೆಲಿಯಾರ್ಡ್ ತಳಿಯ ಸುಮಾರು 75 ಹಸುಗಳ ಹಾಲಿನಿಂದ ಚೀಸ್ ಮಾಡ್ತಾರೆ. ಕೊರೋನಾ ಕಾಲದಲ್ಲಿ ಹೋಟೆಲುಗಳು ಮುಚ್ಚಿದವು. 2021ರ ಆರಂಭಕ್ಕೆ ಮಠದಲ್ಲಿ 2.8 ಟನ್ ಚೀಸ್ ಮಾರಾಟವಾಗದೆ ಉಳಿದುಬಿಟ್ಟಿತು. ಅದು ಬೆಲ್ಲೆಲೇಯ ಚೀಸಿಗಿಂತ ಮೆತ್ತನೆಯದು, ಬಹಳ ಕಾಲ ಕಾಯುವಂಥದ್ದಲ್ಲ. ಹಾಲು ಸ್ವಲ್ಪ ಕಡಿಮೆ ಕೊಡ್ರಮ್ಮಾ ಅಂತ ಹಸುಗಳಿಗೆ ಹೇಳಿ ನೋಡಿದೆವು, ಅವಕ್ಕೆ ಅರ್ಥ ಆದ ಹಾಗೆ ಕಾಣಲಿಲ್ಲ ಅಂತ ಅಲ್ಲಿಯ ಸನ್ಯಾಸಿಯೊಬ್ಬರು ಪತ್ರಿಕೆಯವರ ಮುಂದೆ ನಗೆಯಾಡಿದರು. ಕಡೆಗೆ ಇಂಟರ್‌ನೆಟ್ ಮೂಲಕ ನೇರವಾಗಿ ತಿನ್ನುವವರಿಗೇ ಮೊರೆ ಇಟ್ಟರು, ಜನ ಮುಗಿಬಿದ್ದು ಕೊಂಡರು. ಲಾಕ್‌ಡೌನಿನಲ್ಲಿ ಹಾಲು ಚೆಲ್ಲಿದ ರೈತರು ನಮ್ಮಲ್ಲೂ ಇದ್ದಾರೆ. ಆ ಸನ್ಯಾಸಿಯ ನಗೆ ಹಿಂದಿನ ಸಂಕಟ ಅವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂಬೈನೂರು ವರ್ಷದ ಹೆಸರಿದ್ದ ಮಠದ ಮೊರೆ ಜನಕ್ಕೆ ಕೇಳಿಸಿತು. ಹೆಸರಿಲ್ಲದವನ ಹಾಲು ರಸ್ತೆಗೆ ಹೋಯಿತು.

ನಮ್ಮ ನಾಡಿಗೂ ಈ ಕಥೆಯ ಒಂದು ಎಳೆ ಬಂದು ಸೇರಿದೆ. 11ನೇ ಶತಮಾನದಲ್ಲಿ ಇಟಲಿಯ ಫ್ಲಾರೆನ್ಸ್ ಹತ್ತಿರ ಹುಟ್ಟಿದ ವಲ್ಲೊಂಬ್ರೋಸಾ ಅನ್ನೋ ಪಂಥದ ಸನ್ಯಾಸಿಗಳು ಬೆಂಗಳೂರಿನಲ್ಲಿ ಮೊಜ್ಜರೆಲ್ಲಾ ಮುಂತಾದ ಇಟಲಿಯ ತಾಜಾ ಚೀಸ್ ಮಾಡಿ ಹೆಸರು ಗಳಿಸಿದ್ದಾರೆ. ಹಾಲು ನಮ್ಮ ಸೀಮೆಯದು, ಕಸುಬು ಇಟಲಿಯದು, ತಿನ್ನೋರು ನಗರದವರು. ನಮ್ಮ ಹಾಲಿನಲ್ಲಿ ಆ ಯೋಗ್ಯತೆ ಇಲ್ಲ ಅನ್ನುವವರಿಗೆ ಇದೇ ಉತ್ತರ. ಯೋಗ್ಯತೆ ಇದೆ. ಅದರ ಬೆಲೆ ಹಸುವಿನ ಹಗ್ಗ ಹಿಡಿದವನವರೆಗೆ ಬರುತ್ತೋ ಇಲ್ಲವೋ ಅನ್ನೋದೇ ಪ್ರಶ್ನೆ.

ಹಾಗಂತ ನಾಳೆ ಬೆಳಿಗ್ಗೆಯಿಂದ ಎಲ್ಲರೂ ಚೀಸ್ ಮಾಡಿ ಅಂತ ನಾನು ಹೇಳ್ತಾ ಇಲ್ಲ. ನಮ್ಮ ಬಿಸಿಲು ಬೇರೆ, ನಮ್ಮ ನಾಲಿಗೆ ಬೇರೆ. ನಾನು ಹೇಳಿದ್ದು ಮೂರು ಮಾತು. ಒಂದು, ಬೇಗ ಕೆಡುವ ಸರಕು ಬೆಳೆಯುವವನಿಗೆ ಕಾಯುವ ಶಕ್ತಿ ಬೇಕು, ಆ ಶಕ್ತಿ ಒಬ್ಬೊಬ್ಬರಿಗೆ ಬರೋದಿಲ್ಲ, ಕೂಡಿದರೆ ಬರುತ್ತೆ. ಎರಡು, ಆ ಶಕ್ತಿಯನ್ನ ಬಡ್ಡಿಗೆ ತಂದರೆ ಅದು ನಮ್ಮದಲ್ಲ. ಮೂರು, ಹೆಸರು ನಮ್ಮ ಕೈಯಲ್ಲಿರಬೇಕು. ನಂಜನಗೂಡು ರಸಬಾಳೆಗೆ, ಬ್ಯಾಡಗಿ ಮೆಣಸಿನಕಾಯಿಗೆ ನಮ್ಮ ದೇಶದ 1999ರ ಭೌಗೋಳಿಕ ಸೂಚಕ ಕಾಯ್ದೆಯ ಕೆಳಗೆ ನೋಂದಣಿ ಆಗಿದೆ. ಕಾಗದ ಬಂತು. ಆ ಕಾಗದದಿಂದ ನಿಮ್ಮ ಊರಿನ ಬೆಳೆಗಾರನ ಕೈಗೆ ಎಷ್ಟು ಬಂತು ಅಂತ ನೀವೇ ಕೇಳಿ ನೋಡಿ. ಸಂಘದ ಮುಂದಿನ ಸಭೆಯಲ್ಲಿ ಇದೇ ಪ್ರಶ್ನೆ ಎತ್ತಿ. ಹಾಲಿನ ಲೆಕ್ಕ ಬರೆಯುವವರು ಯಾರು, ಅದು ಮಾರಾಟವಾಗುವ ಹೆಸರು ಯಾರ ಸ್ವತ್ತು, ಬೆಲೆ ಗೊತ್ತು ಮಾಡುವ ಕೋಣೆಯಲ್ಲಿ ನಮ್ಮ ಕುರ್ಚಿ ಎಲ್ಲಿದೆ?

ಬೆಲ್ಲೆಲೇಯ ಮಠದ ಕಟ್ಟಡ ಇವತ್ತಿಗೂ ನಿಂತಿದೆ. ಒಳಗೆ ಸನ್ಯಾಸಿಗಳಿಲ್ಲ. ಗೇಣಿ ಪಡೆದ ಧಣಿಗಳಿಲ್ಲ, ಅವರನ್ನ ಓಡಿಸಿದ ಸೈನ್ಯವೂ ಇಲ್ಲ. ಸುತ್ತಲಿನ ಹುಲ್ಲುಗಾವಲಿನಲ್ಲಿ ಹಸು ಇವೆ, ಹಾಲು ಕರೆಯುವ ರೈತ ಇದ್ದಾನೆ. ಸನ್ಯಾಸಿಯ ತಲೆ ಅನ್ನೋ ಹೆಸರು ಈಗ ಅವನ ಕೈಯಲ್ಲಿದೆ.

ಸಂಜೆ ಹಾಲಿಗೆ ಹೊತ್ತಾಯಿತು. ನೀವು ಹೋಗಬೇಕು, ಕೊಟ್ಟಿಗೆಯಲ್ಲಿ ಕರು ಕೂಗ್ತಾ ಇರುತ್ತೆ. ನನ್ನ ಮಾತು ಮುಗಿಸ್ತೀನಿ.